ಇಲಿಯ ಬೆನ್ನು, ತಮ್ಮನ ಬೆನ್ನು

೧೯೭೮ರಲ್ಲಿ, ಏಳನೇ ತರಗತಿಗೆ, ನಾನು ಓದು ಬಿಟ್ಟೆ. ಹರಿಹರದಲ್ಲಿ ಕಬ್ಬಿಣ ಕಡೆಯುವ ಲೇಥ್ ಕೆಲಸ ಕಲಿತು ಸ್ವಂತ ಶೆಡ್ ಹಾಕಿದೆ. ಅಕ್ಕನ ಗಂಡ ದಾವಣಗೆರೆಯಲ್ಲಿ ಕಾಲೇಜು ಮೇಷ್ಟ್ರು. ಮನೆಯಲ್ಲಿ ಆ ಭಾವ ಆಡಿದ್ದೇ ಮಾತು.

೧೯೯೭ರಲ್ಲಿ ನನ್ನ ತಮ್ಮ ಮಲೆಬೆನ್ನೂರಿನಲ್ಲಿ ಭತ್ತದ ಲಾರಿಯ ಮೇಲಿಂದ ಬಿದ್ದ. ಬೆನ್ನುಹುರಿ ಜಜ್ಜಿಹೋಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮನೆಗೆ ತಂದ ವಾರಕ್ಕೆ ಭಾವ ಪತ್ರಿಕೆಯ ತುಂಡೊಂದನ್ನು ಹಿಡಿದು ಬಂದರು. ಹೊರದೇಶದಲ್ಲಿ ಇಲಿಯ ಬೆನ್ನುಹುರಿ ಕತ್ತರಿಸಿ, ಆ ಸಂದಿನಲ್ಲಿ ಮೈಗೆ ಒಗ್ಗುವ ಸ್ಪಂಜಿನಂಥ ವಸ್ತು ಇಟ್ಟಿದ್ದರಂತೆ. ಚಪ್ಪರಕ್ಕೆ ಬಳ್ಳಿ ಹಬ್ಬಿದಂತೆ ಅದರೊಳಗೆ ನರದ ಎಳೆಗಳು ಹಬ್ಬಿದ್ದವಂತೆ.

“ಈ ಚಿಕಿತ್ಸೆ ಇಲ್ಲಿಗೂ ಬರ್ತೈತೆ. ಅಲ್ಲೀವರೆಗೂ ಇವನ್ನ ಅಲುಗಾಡಿಸ್ಬ್ಯಾಡ್ರಿ. ಬೆನ್ನು ಬಗ್ಗಿದ್ರೆ ಅದನ್ನ ಇಡೋ ಜಾಗ ಕೆಡ್ತೈತೆ,” ಎಂದರು ಭಾವ.

ನಾನು ಗಾಲಿಕುರ್ಚಿ ಮಾಡಲು ಪೈಪು ಕತ್ತರಿಸಿ, ಎರಡು ಸೈಕಲ್ ಚಕ್ರ ತಂದಿಟ್ಟಿದ್ದೆ. ಅದನ್ನು ನೋಡಿ ಭಾವ ನಕ್ಕರು.

“ಇದು ನಟ್ಟು ಬೋಲ್ಟು ಅಲ್ಲಪ್ಪಾ. ಏಳನೇ ಕ್ಲಾಸಿಗೆ ತಿಳಿಯೋದಲ್ಲ. ಕುರ್ಚಿ ತಂದ್ರೆ ಅವನು ಕುಂತೇ ಇರ್ಲಿ ಅಂದಂಗಾತು.”

ಅವ್ವ ಅಳುತ್ತಾ ಅವರ ಕಡೆ ನಿಂತಳು. ಅಚ್ಚಾದ ಅಕ್ಷರಕ್ಕೆ ಹೆದರಿ ನಾನೂ ಬಾಯಿ ಮುಚ್ಚಿದೆ. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೂರು ತಿಂಗಳು ಅವನನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿದೆವು. ವಾಸನೆ ಬಂತೆಂದು ಹೊರಳಿಸಿ ನೋಡಿದರೆ ಸೊಂಟದ ಹಿಂದೆ ಬೆರಳು ಇಳಿಯುವಷ್ಟು ಹುಣ್ಣು. ಅವನಿಗೆ ನೋವೇ ತಿಳಿದಿರಲಿಲ್ಲ. ದಾವಣಗೆರೆಗೆ ಒಯ್ದಾಗ ಡಾಕ್ಟರು ನಾನು ತೋರಿಸಿದ ಆ ಪತ್ರಿಕೆಯ ತುಂಡು ಓದಿ ನನ್ನ ಮೇಲೆ ಹರಿಹಾಯ್ದರು.

“ಮಲಗಿಸೇ ಇಡ್ರಿ ಅಂತ ಇದ್ರಾಗೆ ಎಲ್ಲೈತ್ರಿ? ಇದು ಇಲಿಗೆ ಮಾಡಿದ್ದು. ಮನುಷ್ಯರಿಗೆ ಯಾವಾಗ ಬರ್ತೈತೋ ಯಾರಿಗ್ಗೊತ್ತು! ಅಷ್ಟೊತ್ತಿಗೆ ಇವನು ಬದುಕಿರಬೇಕಲ್ರಿ? ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸ್ರಿ. ಹುಣ್ಣು ಮಾದಮೇಲೆ ಕೂಡಿಸ್ರಿ.”

ಮಾಯಲು ಐದು ತಿಂಗಳು ಹಿಡಿಯಿತು. ಕುರ್ಚಿ ಮುಗಿಸಿ ತಮ್ಮನನ್ನು ಎತ್ತಿ ಕೂಡಿಸಿದ ದಿನವೇ ಭಾವ ಬಂದು ಬಾಗಿಲಲ್ಲಿ ನಿಂತರು.

“ನನ್ನ ಮಾತು ಮೀರಿದ್ಯಲ್ಲೋ! ನಾಳೆ ಆ ಚಿಕಿತ್ಸೆ ಬಂದ್ರೆ ಏನ್ಮಾಡ್ತೀಯ?”

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ನಾನು ಏನಾದರೂ ಅನ್ನುವ ಮೊದಲೇ ತಮ್ಮ ಬಾಯಿಬಿಟ್ಟ.

“ಬಂದ್ರೆ ನಾನೇ ಗಾಲಿ ತಳ್ಕಂಡು ಹೋಗ್ತೀನಿ, ಭಾವ. ಈಗ ದಾರಿ ಬಿಡ್ರಿ, ಬಿಸಿಲು ಕಾಣಬೇಕು.”

ಅವರು ಸರಿದರು. ಅಂದಿನಿಂದ ನಾನು ಅವರ ಹೊಸಿಲು ತುಳಿದಿಲ್ಲ. ಆ ಚಿಕಿತ್ಸೆ ನಮ್ಮ ಕಡೆಗೆ ಇನ್ನೂ ಬಂದಿಲ್ಲ.

ಈಗ ನನಗಿರುವುದು: ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಶೀನು, ಅದನ್ನು ಕೂತು ನಡೆಸುವ ಒಬ್ಬ ತಮ್ಮ.