ಜೇಕಿಗೊಂದು ಜೇಬು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆಯಮ್ಮನ ಅಂಗಡಿ. ಊರಿನ ಅರ್ಧ ಜನರ ಮೈಯಳತೆ ಆಕೆಗೆ ಬಾಯಿಪಾಠ. ನಾಲಿಗೆ ಮಾತ್ರ ಕತ್ತರಿಗಿಂತ ಹರಿತ. "ಬೆಳೆದಿದ್ದು ನಿಮ್ಮ ಹೊಟ್ಟೆ, ಬೈಯೋದು ನನ್ನ ಟೇಪನ್ನಾ?" ಎಂದು ಗಿರಾಕಿಗಳ ಬಾಯಿ ಮುಚ್ಚಿಸುವವಳು.

ಒಂದು ಬೆಳಿಗ್ಗೆ ಆಕೆ ಮನೆಯ ಫ್ರಿಜ್ ತೆರೆದರೆ, ಹಾಲಿನ ಪಾತ್ರೆಯ ಪಕ್ಕದಲ್ಲೇ ಡಬ್ಬಿ ತುಂಬ ಒದ್ದೆ ಮರಳು.

"ಏನಮ್ಮಾ ಇದು? ಮನೆಯಲ್ಲಿ ಗಾರೆ ಕೆಲಸ ಶುರುಮಾಡಿದ್ದೀಯಾ?"

ಸಸಿತೋಟದಲ್ಲಿ ಕೆಲಸಕ್ಕಿದ್ದ ಸೊಸೆ ಓಡಿಬಂದಳು. "ಅಯ್ಯೋ ಅತ್ತೆ, ಬಿಸಾಕ್ಬೇಡಿ! ಬೆಟ್ಟದ ಜೇಕುಹುಲ್ಲಿನ ಬೀಜ ಇದೆ ಅದ್ರಲ್ಲಿ. ಒಂದು ಚಳಿಗಾಲ ಕಳೀತು ಅನ್ನಿಸಿದ್ರೇನೇ ಮೊಳಕೆ ಒಡೆಯೋದು. ತೋಟದ ಫ್ರಿಜ್ ಕೆಟ್ಟಿದೆ."

"ಹುಲ್ಲಿಗೂ ಫ್ರಿಜ್ಜು! ಮದುವೆಯಾಗಿ ಎಷ್ಟೋ ವರ್ಷ ನನಗೇ ಇರ್ಲಿಲ್ಲ," ಎಂದು ಗೊಣಗಿದರೂ, ಡಬ್ಬಿಯನ್ನು ಹುಷಾರಾಗಿ ಹಿಂದಕ್ಕೆ ಸರಿಸಿದಳು.

ಬೆಟ್ಟದ ನೆತ್ತಿಯಲ್ಲಿ ಈ ಜೇಕು ಪೊದೆಪೊದೆಯಾಗಿ ಬೆಳೆಯುತ್ತಿತ್ತು. ಅದರ ಬೇರು ಮಣ್ಣನ್ನು ಬಿಗಿಹಿಡಿದರೆ, ಕರಗಿದ ಹಿಮದ ನೀರು ನಿಧಾನವಾಗಿ ಒಳಗಿಳಿದು ಕೆಳಗಿನ ಒರತೆ ಸೇರುತ್ತಿತ್ತು. ಬುಡದಲ್ಲಿ ಇಲಿಗಳ ಸಂಸಾರ, ತೆನೆಗೆ ಹಕ್ಕಿಗಳ ಹಿಂಡು. ಚಾರಣಿಗರ ಕಾಲ್ತುಳಿತಕ್ಕೆ ಒಂದು ಇಳಿಜಾರು ಬೋಳಾಗಿ, ಒರತೆಯ ನೀರು ಕೆಸರಾಗತೊಡಗಿತ್ತು. ದಾರಿಯನ್ನು ಬೇರೆಡೆಗೆ ತಿರುಗಿಸಿ, ಅಲ್ಲಿ ಜೇಕನ್ನೇ ಮತ್ತೆ ನೆಡಬೇಕೆಂದು ಸಸಿತೋಟದವರು ಹೊರಟಿದ್ದರು.

ಬೀಜ ಮೊಳೆಯಿತು, ಸಸಿ ಬೆಟ್ಟ ಹತ್ತಿತು. ಮೊದಲ ಮಳೆಗೇ ಅರ್ಧಕ್ಕರ್ಧ ಜಾರಿ ಕೆಳಗೆ ಬಂತು. ಸೊಸೆ ಕೆಸರುಗಾಲಲ್ಲೇ ಬಂದು ಅಡುಗೆಮನೆಯಲ್ಲಿ ಮುಖ ಸಣ್ಣಗೆ ಮಾಡಿ ಕೂತಳು.

"ಹಿಡಿತ ಇಲ್ದೆ ಜಾರಿದೆ, ಅಷ್ಟೇ ತಾನೇ?" ಎಂದಳು ಅತ್ತೆ. "ಸೊಂಟದಲ್ಲಿ ನಿಲ್ಲದ ಲಂಗಕ್ಕೆ ಲಾಡಿ ಹಾಕಲ್ವಾ? ಹಳೇ ಗೋಣಿಚೀಲ ತಗೊಂಡ್ ಬಾ."

ಗೋಣಿಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ ಅಗಲವಾದ ಹಾಸು ಹೊಲಿದಳು. ಅದರ ತುಂಬ, ಬೇರು ಇಳಿಯಲೆಂದು ತಳ ಹೊಲಿಯದೆ ಬಿಟ್ಟ ಸಣ್ಣ ಜೇಬುಗಳು. ಒಂದೊಂದರಲ್ಲಿ ಒಂದೊಂದು ಸಸಿ. ಬೇರು ನೆಲ ಹಿಡಿಯುವ ಹೊತ್ತಿಗೆ ಗೋಣಿ ಕೊಳೆತು ಮಣ್ಣಾಗಬೇಕು. ಅಂಗಡಿಗೆ ಬಂದವರಿಗೆಲ್ಲ ಒಂದೇ ಉತ್ತರ: "ಬೆಟ್ಟಕ್ಕೆ ರವಿಕೆ ಹೊಲೀತಿದ್ದೀನಿ. ನಿಮ್ದು ಆಮೇಲೆ!"

ಹಾಸನ್ನು ಗೂಟ ಬಡಿದು ಹಾಸಿದರು. ಮತ್ತೆ ಮಳೆ ಬಂತು, ಹಿಮ ಬಿತ್ತು. ಒಂದು ಸಸಿಯೂ ಕದಲಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಹೊಲಿಗೆಯಮ್ಮ ಸೊಸೆಯ ತೋಳು ಹಿಡಿದು, ಏದುಸಿರು ಬಿಡುತ್ತ ತಾನೇ ಮೇಲೆ ಹತ್ತಿದಳು. ಗೋಣಿಯ ಎಳೆಗಳು ಮಣ್ಣಲ್ಲಿ ಬೆರೆತುಹೋಗಿದ್ದವು. ಎಲ್ಲೆಲ್ಲೂ ಹಸಿರು. ಒಂದು ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. "ಮೂರು ಮೂಲೆ ಕಣೇ ಇದಕ್ಕೆ! ಇಸ್ತ್ರಿ ಹಾಕಿದಂಗಿದೆ."

ಅಷ್ಟರಲ್ಲಿ ಕಾಲ ಬಳಿಯ ಪೊದೆಯಿಂದ ಪುಟ್ಟ ಹಕ್ಕಿಯೊಂದು ಪುರ್ರೆಂದು ಹಾರಿತು. ಬಗ್ಗಿ ನೋಡಿದರೆ ಒಳಗೆ ಗೂಡು, ಗೂಡಿನಲ್ಲಿ ಮೊಟ್ಟೆ. ಆಕೆ ಉಸಿರು ಬಿಗಿಹಿಡಿದು ಹಿಂದೆ ಸರಿದು, ದೂರದ ಬಂಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಏನಾಯ್ತು ಅತ್ತೆ?"

"ನಾನು ಹೊಲಿದಿದ್ರಲ್ಲಿ ಸಂಸಾರ ಹೂಡಿದ ಗಿರಾಕಿ ಇದೊಂದೇ ಕಣೇ!"

ಹಕ್ಕಿ ಮರಳಿ ಬಂದು ಗೂಡಿನಲ್ಲಿ ಕೂರುವವರೆಗೂ ಆಕೆ ಬಂಡೆ ಬಿಟ್ಟು ಏಳಲಿಲ್ಲ.