ಕೈ ಎತ್ತಿದ್ದ ಮೆಂಬರಕ್ಕ

ಕಳೆದ ವಾರ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತರು. ಮಡಿಲಲ್ಲಿ ಬೀಡಿ ತುಂಬಿದ ಚೀಲ. ನೆನೆಸಿದ ಎಲೆ ಮತ್ತು ಹೊಗೆಸೊಪ್ಪಿನ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಮೆಂಬರಕ್ಕನ ಮನೆಯ ಜಗಲಿ ಕಣ್ಣೆದುರು ಬಂತು. ನರಿಮೊಗರು ದಾಟಿದ್ದೂ ನನಗೆ ತಿಳಿಯಲಿಲ್ಲ…

ಕಡಬದ ಕಡೆಯ ನಮ್ಮ ಊರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಬೀಡಿ ಕಟ್ಟಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿಸಿದವರು. ಪಂಚಾಯತಿನಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಪಕ್ಷದವರು ಅವರ ಮನೆಗೆ ಬಂದು, "ಅಕ್ಕ, ನೀವು ನಿಂತರೆ ಸಾಕು, ಉಳಿದದ್ದು ನಾವು ನೋಡಿಕೊಳ್ತೇವೆ" ಎಂದರು. ನಿಂತರು, ಗೆದ್ದರು. ಅಲ್ಲಿಂದ ಅವರು ಊರಿಗೆಲ್ಲ ಮೆಂಬರಕ್ಕ. ಅವರಿಗೂ ಅದು ಖುಷಿಯೇ. ಪೇಟೆಯ ಬ್ಯಾನರಿನ ಮೂಲೆಯಲ್ಲಿ ಅವರ ಪುಟ್ಟ ಫೋಟೊ ಬಂದಾಗ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದರು. "ಮೂಗೊಂದೇ ಕಾಣುದು ಮಾರಾಯ್ತಿ" ಎಂದು ಬಿದ್ದು ಬಿದ್ದು ನಕ್ಕಿದ್ದರು.

ಹೊಸತರಲ್ಲೇ ಒಂದು ಮೀಟಿಂಗಿನಲ್ಲಿ, ಊರಂಚಿನ ಬಡವರ ಕಾಲೊನಿಯ ಹಿಂದಿನ ಗುಡ್ಡೆಯಲ್ಲಿ ಕೆಂಪುಕಲ್ಲು ಕಡಿಯಲು ಒಪ್ಪಿಗೆ ಕೊಡುವ ವಿಷಯ ಬಂತು. ಏನು ಮಾಡಬೇಕೆಂದು ಪಕ್ಷದವರು ಮೊದಲೇ ಹೇಳಿಟ್ಟಿದ್ದರು. ಮೆಂಬರಕ್ಕ ಕೈ ಎತ್ತಿದರು. ಊರಿಗೆ ನಾಲ್ಕು ಕೆಲಸ ಬರುತ್ತದೆಂದು ಊರವರೂ ಸುಮ್ಮನಿದ್ದರು.

ಆ ವರ್ಷಗಳಲ್ಲಿ ಮಳೆಯ ರೀತಿಯೇ ಬದಲಾಗುತ್ತಿತ್ತು. ಹಿಂದೆಲ್ಲ ಹಿಡಿದರೆ ಬಿಡದೆ, ಆದರೆ ಹದವಾಗಿ ಸುರಿಯುತ್ತಿದ್ದ ಮಳೆ ಈಗ ವಾರಗಟ್ಟಲೆ ನಾಪತ್ತೆಯಾಗಿ, ಆಮೇಲೆ ತಿಂಗಳದ್ದನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು ಹೋಗುತ್ತಿತ್ತು. ಕಲ್ಲು ತೆಗೆದ ಹೊಂಡಗಳು ಕೆರೆಯಾದವು. ಒಂದು ದಿನ ಕಾಲೊನಿಯ ಹೆಂಗಸರು ಮೆಂಬರಕ್ಕನನ್ನು ಗುಡ್ಡೆಗೆ ಕರೆದುಕೊಂಡು ಹೋಗಿ, ನೆಲ ಉದ್ದಕ್ಕೆ ಬಿರಿದದ್ದನ್ನು ತೋರಿಸಿದರು. ಬಿರುಕಿನೊಳಗೆ ಕೈ ಇಟ್ಟು ನೋಡಿ ಬಂದವರು ಆ ದಿನ ಊಟ ಮಾಡಲಿಲ್ಲ.

ಕಲ್ಲು ಕಡಿಯುವುದನ್ನು ನಿಲ್ಲಿಸಿ, ಕೆಳಗಿನ ಮನೆಗಳಿಗೆ ಬೇರೆ ಜಾಗ ಕೊಡಿ. ಮೆಂಬರಕ್ಕ ಕೇಳಿದ್ದು ಇಷ್ಟೇ. ಪಂಚಾಯತಿನಲ್ಲಿ ಕೇಳಿದರು, ಕಚೇರಿ ಕಚೇರಿ ಅಲೆದು ಕೇಳಿದರು. ರಸ್ತೆಯ ಗುದ್ದಲಿಪೂಜೆಗೆ ಬಂದ ಪಕ್ಷದ ದೊಡ್ಡ ನಾಯಕರ ಕಾರಿಗೆ ಅಡ್ಡ ನಿಂತೂ ಕೇಳಿದರು. ನಾಯಕರು ಗಾಜು ಇಳಿಸಿ, "ನೋಡುವಾ ಅಕ್ಕ, ಎಲೆಕ್ಷನ್ ಒಂದು ಮುಗಿಯಲಿ" ಎಂದರು. ಎಲೆಕ್ಷನ್ ಮುಗಿಯಿತು. ನಾಯಕರು ಗೆದ್ದರು. ಗುಡ್ಡೆಯಲ್ಲಿ ಯಂತ್ರದ ಸದ್ದು ನಿಲ್ಲಲಿಲ್ಲ.

ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಸಂಜೆ. ಬೆಳಗ್ಗಿನಿಂದ ಜಡಿಮಳೆ. ಮೆಂಬರಕ್ಕ ಕೊಡೆ ಹಿಡಿದು ಕಾಲೊನಿಯ ಒಂದೊಂದೇ ಮನೆಗೆ ಹೋಗಿ, ಬೈದು, ಕಾಲು ಹಿಡಿದು, ಗುಡ್ಡೆ ಕುಸಿದೀತೆಂದು ಎಲ್ಲರನ್ನೂ ರಾತ್ರಿ ಉಳಿಯಲು ಶಾಲೆಗೆ ಹೊರಡಿಸುತ್ತಿದ್ದರು. ಗುಡ್ಡೆಗೆ ತಾಗಿದ ಕೊನೆಯ ಮನೆಯಲ್ಲಿ ಒಬ್ಬಳು ಬಾಣಂತಿ. ಗಂಡ ಗಾರೆ ಕೆಲಸಕ್ಕೆಂದು ಸುಳ್ಯಕ್ಕೆ ಹೋಗಿದ್ದ. ಅಜ್ಜಿ ಮಗುವನ್ನು ಮೀಯಿಸುತ್ತಿದ್ದರು.

"ಮಗುವಿನ ತಲೆ ಒರೆಸಿ ಬರ್ತೇವೆ, ನೀವು ಹೋಗಿ" ಎಂದರಂತೆ ಅಜ್ಜಿ.

ಮೆಂಬರಕ್ಕ ಅಂಗಳ ಇಳಿದು ರಸ್ತೆಗೆ ಬಂದಿದ್ದರು, ಅಷ್ಟೇ. ಹಿಂದೆ ಸದ್ದಾಯಿತು. ತಿರುಗಿ ನೋಡುವಾಗ ಮನೆ ಇರಲಿಲ್ಲ… ಮೂವರನ್ನೂ ಮರುದಿನ ಹೊರಗೆ ತೆಗೆದರು.

ಆ ಮಧ್ಯಾಹ್ನವೇ ನಾಯಕರು ಬಂದರು. ಕೆಸರಿಗೆ ಹಲಗೆ ಹಾಸಿ ಅವರನ್ನು ನಡೆಸಿದರು. ಟಿವಿಯವರು ಮೈಕು ಹಿಡಿದಾಗ, "ಇದು ಹವಾಮಾನ ಬದಲಾವಣೆ. ಇಡೀ ಪ್ರಪಂಚಕ್ಕೇ ಬಂದ ಕಷ್ಟ. ಪ್ರಕೃತಿಯ ಎದುರು ನಾವು ಎಂತ ಮಾಡ್ಲಿಕ್ಕೆ ಆಗ್ತದೆ?" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾವು ಕೇಳಿದ್ದು ಅದೇ ಮೊದಲು.

ಮೆಂಬರಕ್ಕ ಜನರ ನಡುವಿನಿಂದ ಮುಂದೆ ಬಂದರು. ಸೀರೆಗೆ ನಿನ್ನೆಯ ಕೆಸರು ಹಾಗೆಯೇ ಇತ್ತು.

"ಮಳೆ ಜೋರಾದದ್ದು ಹೌದು. ಜೋರಾಗ್ತದೆ ಅಂತ ಗೊತ್ತಿದ್ದವರು ಗುಡ್ಡೆಯನ್ನು ಮುಟ್ಲಿಕ್ಕೇ ಬಿಡಬಾರದಿತ್ತಲ್ಲ? ಕಲ್ಲು ಕಡಿಯಿರಿ ಅಂತ ನಾನು ಕೈ ಎತ್ತಿದ್ದೆ. ನನ್ನ ತಪ್ಪು ನಾನು ಹೇಳಿದೆ. ನಿಮ್ಮದನ್ನು ನೀವು ಹೇಳಿ."

ಯಾರೋ ಅವರ ಹೆಗಲು ಹಿಡಿದು ಬದಿಗೆ ಕರೆದುಕೊಂಡು ಹೋದರು. ನಾಯಕರು ಅಂಗೈ ಜೋಡಿಸಿ ಕಾರು ಹತ್ತಿದರು. ಆ ಮಾತು ಟಿವಿಯಲ್ಲಿ ಬರಲಿಲ್ಲ. ಪೇಟೆಯಲ್ಲಿ ಮಾತ್ರ, "ಪಾಪ, ಅವರಿಗೆ ಮಂಡೆ ಸರಿ ಇಲ್ಲ" ಎಂಬ ಸುದ್ದಿ ಹಬ್ಬಿತು. ಮುಂದಿನ ಸಲ ಪಕ್ಷದವರು ಅವರ ಮನೆಗೆ ಬರಲಿಲ್ಲ.

ಮೆಂಬರಕ್ಕ ಮತ್ತೆ ಬೀಡಿ ಕಟ್ಟಲು ಕೂತರು. ನಾನು ಹೋಗಿ ಹತ್ತಿರ ಕೂರುತ್ತಿದ್ದೆ. ಎಲೆ ಸುತ್ತುತ್ತಿದ್ದ ಬೆರಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು.

"ತಲೆ ಒದ್ದೆ ಇದ್ದರೆ ಎಂತ ಆಗ್ತಿತ್ತು? ಶೀತ ಆಗ್ತಿತ್ತು. ಅಷ್ಟೇ ಅಲ್ವಾ? ನಾನೇ ಮಗುವನ್ನು ಎತ್ತಿಕೊಂಡು ಓಡಬೇಕಿತ್ತು…"

ಆದರೂ ಜಾಗದ ವಿಷಯ ಕೇಳಲು ಹೋಗುವುದನ್ನು ಅವರು ಬಿಡಲಿಲ್ಲ. ಕುರ್ಚಿಯಲ್ಲಿದ್ದವರು ಬದಲಾದರು, ಉತ್ತರ ಬದಲಾಗಲಿಲ್ಲ. ಕೆಮ್ಮು ಹಿಡಿದು ಕಚೇರಿಯ ಮೆಟ್ಟಿಲು ಹತ್ತಲು ಆಗದಾದ ಮೇಲೆಯೇ ಮನೆಯಲ್ಲಿ ಉಳಿದದ್ದು. ಹೋದ ಬೇಸಿಗೆಯಲ್ಲಿ, ಊರಿನ ಬಾವಿಗಳೆಲ್ಲ ತಳ ಕಂಡಿದ್ದ ದಿನಗಳಲ್ಲಿ, ತೀರಿಕೊಂಡರು.

ಬಸ್ಸಿನಲ್ಲಿ ಅವರ ನೆನಪಾದ ಮೇಲೆ ಮನಸ್ಸು ತಡೆಯದೆ ಭಾನುವಾರ ಊರಿಗೆ ಹೋದೆ. ಗುಡ್ಡೆಯ ಬುಡದಲ್ಲಿ, ಆ ಕೊನೆಯ ಮನೆ ಇದ್ದಲ್ಲೇ, ಹೊಸ ಗೋಡೆ ಏಳುತ್ತಿತ್ತು. ಕಟ್ಟುತ್ತಿದ್ದವನು ಆ ಬಾಣಂತಿಯ ಗಂಡ.

"ಇಲ್ಲಿಯೇ ಯಾಕೆ ಮಾರಾಯ?" ಎಂದೆ.

"ಇನ್ನೆಲ್ಲಿ ಅಕ್ಕ? ಜಾಗ ನೋಡುವಾ ಅಂದವರು ಕೊಡ್ಲಿಲ್ಲ. ಎಷ್ಟು ವರ್ಷ ಅಂತ ಬಾಡಿಗೆ ಮನೆಯಲ್ಲಿ ಇರುದು? ಮೆಂಬರಕ್ಕ ಇರುವಾಗ ಹೋಗಿ ಕೇಳ್ಲಿಕ್ಕಾದರೂ ಒಬ್ಬರಿದ್ದರು."

ಅವನು ಗೋಡೆಯುದ್ದಕ್ಕೆ ಅಳತೆಯ ಹಗ್ಗ ಎಳೆದು ಹಿಡಿದು, ಸ್ವಲ್ಪ ಹಿಂದೆ ಸರಿದು ಕೇಳಿದ:

"ಗೋಡೆ ಸೀದಾ ಉಂಟಾ, ಒಮ್ಮೆ ನೋಡಿ."

ನೋಡಿದೆ. ಗೋಡೆ ಸೀದಾ ಇತ್ತು. ಅದರ ಹಿಂದೆ ಗುಡ್ಡೆ, ಅರ್ಧ ಕಡಿದದ್ದು, ಹಾಗೆಯೇ ನಿಂತಿತ್ತು.