ಒಬ್ಬರಿಗಾಗುವಷ್ಟೇ ಮದ್ದು

ನಮ್ಮ ಮನೆಯ ನಾಯಿ ಎಲ್ಲಿಗೋ ಹೋದದ್ದು ಎರಡು ದಿನ ಬಂದಿರಲಿಲ್ಲ. ಮತ್ತೆ ಅಂಗಳದಲ್ಲಿ ಕಾಣಿಸಿದಾಗ ಅತ್ತೆ ಖುಷಿಯಿಂದಲೇ ಗಂಜಿ ತೆಗೆದುಕೊಂಡು ಹೋದರು. ಅದು ಗಂಜಿಯತ್ತ ನೋಡಲೇ ಇಲ್ಲ. ಅವರ ಮುಂಗೈಗೆ ಬಾಯಿ ಹಾಕಿತು. ನಾನು ಓಡಿಹೋಗಿ ಒಂದು ತೆಂಗಿನ ಮಡಲಿನ ಕೊತ್ತಳಿಗೆಯಿಂದ ಹೊಡೆದೆ. ಅತ್ತೆಯ ಕೈ ಬಿಟ್ಟು ನನ್ನ ಕಾಲಿಗೆ ಹಲ್ಲು ಊರಿತು. ಅಲ್ಲಿಂದ ದನದ ಹಟ್ಟಿಗೆ ನುಗ್ಗಿ ಕರುವನ್ನೂ ಕಚ್ಚಿತು. ಬೊಬ್ಬೆ ಕೇಳಿ ಬಂದ ನೆರೆಯವರು ಅದನ್ನು ತೋಟದ ಬದಿಯಲ್ಲಿ ಹೊಡೆದು ಹಾಕಿದರು.

ನಾನು ಬೆಳ್ಮಣ್ಣಿನ ಆ ಮನೆಗೆ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಗಂಡ ಕಾಪುವಿನ ಶಾಲೆಯಲ್ಲಿ ಮಾಸ್ತರರು, ಶನಿವಾರ ಬಂದು ಭಾನುವಾರ ಸಂಜೆ ಹೋಗುವವರು. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನಮ್ಮ ತುಳುವಿನಲ್ಲಿ ಅತ್ತೆಯನ್ನು ಮಾಮಿ ಎಂದೇ ಕರೆಯುವುದು. ಆದರೆ ನಾನು ಅವರನ್ನು ಹಾಗೆ ಬಾಯಿತುಂಬ ಕರೆದದ್ದು ಅಲ್ಲಿಯವರೆಗೆ ಕಡಿಮೆ. ಅವರೆಂದರೆ ನನಗೆ ಹೆದರಿಕೆ.

ನೆರೆಯವರು ನಾಟಿ ಮದ್ದಿನ ಪಂಡಿತರೊಬ್ಬರ ಹೆಸರು ಹೇಳಿದರು. ಅತ್ತೆ ಗಾಯವನ್ನು ಸೋಪು ಹಾಕಿ ತೊಳೆಯುತ್ತಿದ್ದವರು ತಲೆ ಎತ್ತಿ, "ಬೇಡ. ನನ್ನ ಅಣ್ಣನಿಗೂ ಅದೇ ಮದ್ದು ಕೊಟ್ಟದ್ದು," ಎಂದರು. ಆ ಅಣ್ಣನ ಸುದ್ದಿ ನಾನು ಕೇಳಿದ್ದು ಆಗಲೇ ಮೊದಲು. ಹುಚ್ಚುನಾಯಿ ಕಚ್ಚಿ ಕೆಲವು ವಾರಗಳ ಮೇಲೆ, ಬಾವಿಯಿಂದ ಕೊಡ ಎತ್ತುವ ಸದ್ದಿಗೇ ಕಿರುಚುತ್ತಿದ್ದನಂತೆ. ಕೊನೆಗೆ ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕಿದರಂತೆ. "ಹೊರಡು. ಬಸ್ಸು ತಪ್ಪಿದರೆ ನಡೆದೇ ಹೋಗುವುದು," ಎಂದರು ಅತ್ತೆ.

ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಸರಕಾರದ್ದು, ಮದ್ದಿಗೆ ದುಡ್ಡಿಲ್ಲ. ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಅಲ್ಲಿನ ಡಾಕ್ಟರರು ಘಟ್ಟದ ಮೇಲಿನವರು, ಎಳೆ ಪ್ರಾಯದವರು. ನಾಯಿಯ ನಡತೆಯನ್ನು ವಿವರವಾಗಿ ಕೇಳಿದರು. ಗಾಯ ನೋಡಿದರು. ಆಮೇಲೆ ಒಳಗೆ ಹೋಗಿ ಬಂದು ಕುರ್ಚಿಯಲ್ಲಿ ಕೂತರು.

"ನೋಡಿಯಮ್ಮ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ನನ್ನ ಹತ್ತಿರ ಇರೋದು ಒಬ್ಬರಿಗೆ ಆಗುವಷ್ಟು ಮಾತ್ರ."

"ಬೇರೆ ಯಾವಾಗ ಬರುತ್ತದೆ?" ನಾನು ಕೇಳಿದೆ.

"ಬರೆದಿದ್ದೀನಿ. ಮೊದಲು ಮದರಾಸಿನ ಕಡೆಯಿಂದ ಬರ್ತಿತ್ತಂತೆ. ಈಗ ಎಲ್ಲಿಂದ ಬರಬೇಕು ಅನ್ನೋದೇ ಇನ್ನೂ ಸರಿಯಾಗಿಲ್ಲ. ಉಡುಪಿಯಲ್ಲಿ ಖಾಸಗಿ ಡಾಕ್ಟರ ಹತ್ತಿರ ಸಿಗಬಹುದು. ಅದಕ್ಕೆ ಹಣ ಆಗುತ್ತೆ."

ಡಾಕ್ಟರರು ಅತ್ತೆಯ ಕೈ ತೋರಿಸಿ, ಕಾಲಿಗಿಂತ ಕೈಯ ಗಾಯಕ್ಕೆ ಅಪಾಯ ಹೆಚ್ಚು, ಹಾಗಾಗಿ ಇವರಿಗೆ ಎಂದರು. ಅದು ನ್ಯಾಯವೇ. ನಾನು ತಲೆ ಆಡಿಸಿದೆ. ತಲೆ ಆಡಿಸುವಾಗ ಅಳು ಬಂತು.

ಅತ್ತೆ ಬೆಂಚಿನಿಂದ ಎದ್ದರು. "ಇವಳಿಗೆ ಹಾಕಿ."

"ಅಮ್ಮಾ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸಿತು. ನನ್ನದು ಹೇಗೂ ಮುಗಿಯುತ್ತಾ ಬಂತು. ಇವಳಿಗೆ ಹಾಕಿ."

"ಬೇಡ ಮಾಮಿ, ನೀವು ಹಾಕಿಸಿಕೊಳ್ಳಿ," ಎಂದೆ.

"ನೀನು ಬಾಯಿ ಮುಚ್ಚು!"

ಡಾಕ್ಟರರ ಮುಖ ಕೆಂಪಾಯಿತು. ಮತ್ತೆ ಒಳಗೆ ಹೋಗಿ ಮದ್ದಿನ ಸೀಸೆಗಳನ್ನು ಎಣಿಸಿ ಬಂದರು. ಆಮೇಲೆ ಮಾತಾಡಿದ್ದು ನನ್ನ ಹತ್ತಿರ. "ಇವತ್ತು ಇಬ್ಬರಿಗೂ ಶುರು ಮಾಡ್ತೀನಿ. ನಾಲ್ಕು ದಿನ ಹೀಗೆ ನಡೆಸಬಹುದು. ಅಷ್ಟರಲ್ಲಿ ನಿಮ್ಮ ಯಜಮಾನರು ಉಡುಪಿಯಲ್ಲಿ ಒಬ್ಬರಿಗೆ ವ್ಯವಸ್ಥೆ ಮಾಡಬೇಕು. ಅರ್ಧಕ್ಕೆ ನಿಲ್ಲಿಸಿದರೆ ಹಾಕಿದ್ದೂ ದಂಡ, ಗೊತ್ತಾಯ್ತಾ?"

ಸೂಜಿ ದಪ್ಪದ್ದು. ಹಾಕಿದ ಜಾಗ ಗಡ್ಡೆಕಟ್ಟಿ, ಸೀರೆಯ ನೆರಿಗೆ ತಾಗಿದರೂ ಉರಿಯುತ್ತಿತ್ತು. ಬಸ್ ಕಂಡಕ್ಟರನ ಹತ್ತಿರ ಕಾಪುವಿಗೆ ಹೇಳಿ ಕಳುಹಿಸಿದೆವು. ಅವನು ಇನ್ನೊಬ್ಬ ಕಂಡಕ್ಟರನಿಗೆ ಹೇಳಿ, ಸುದ್ದಿ ಮರುದಿನ ಶಾಲೆಗೆ ತಲುಪಿತು. ಗಂಡ ನೇರ ಉಡುಪಿಗೆ ಹೋಗಿ ವಿಚಾರಿಸಿಕೊಂಡೇ ಮನೆಗೆ ಬಂದರು. ಮುಖ ಬಾಡಿತ್ತು.

"ಮದ್ದು ಉಂಟು," ಎಂದರು. "ಆದರೆ ನನ್ನ ಸಂಬಳದಲ್ಲಿ ಆಗುವ ಮಾತಲ್ಲ. ತಂಪಿನಲ್ಲಿಯೇ ಇಡಬೇಕಂತೆ, ಮನೆಗೆ ತರಲಿಕ್ಕೆ ಆಗುವುದಿಲ್ಲ. ದಿನಾ ಅಲ್ಲಿಗೇ ಹೋಗಬೇಕು. ಇಲ್ಲಿಂದ ಹೋಗಿ ಬರುವ ಬಸ್ಸಿನ ಖರ್ಚು ಬೇರೆ."

"ದನ ಕೊಡುವ," ಎಂದರು ಅತ್ತೆ. ಮನೆಯಲ್ಲಿ ಹಾಲು ಕೊಡುತ್ತಿದ್ದದ್ದು ಅದೊಂದೇ. ಶಿರ್ವದ ಒಬ್ಬರು ಮೊದಲೇ ಕೇಳಿದ್ದರು. ಕರುವಿಗೆ ನಾಯಿ ಕಚ್ಚಿದ್ದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಅವರು ತಾಯಿಯನ್ನು ಮಾತ್ರ ಹೊಡೆದುಕೊಂಡು ಹೋದರು, ಅದೂ ಕಡಿಮೆ ಕ್ರಯಕ್ಕೆ.

ಗಂಡನ ಸೋದರತ್ತೆಯೊಬ್ಬರು ಮಣಿಪಾಲದಲ್ಲಿ ಕಾಲೇಜು ಹುಡುಗರ ಊಟದ ಮನೆಯೊಂದರಲ್ಲಿ ಅಡುಗೆ ಮಾಡಿಕೊಂಡಿದ್ದರು. ಉಡುಪಿಯಲ್ಲಿ ಹಾಕಿಸಿಕೊಳ್ಳುವುದು ನಾನು ಎಂದಾಗಿ, ಅವರ ಕೋಣೆಯಲ್ಲಿ ಉಳಿದೆ. ಆಗ ಆ ಗುಡ್ಡದಲ್ಲಿ ಮುರಕಲ್ಲು ಮತ್ತು ಮುಳಿಹುಲ್ಲೇ ಹೆಚ್ಚು, ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಬೆಳಿಗ್ಗೆ ಗುಡ್ಡ ಇಳಿದು ಉಡುಪಿಗೆ ನಡೆದು ಹೋಗಿ, ಸೂಜಿ ಹಾಕಿಸಿಕೊಂಡು, ಬಿಸಿಲೇರುವ ಮೊದಲು ಹತ್ತಿ ಬರುವುದು. ವೈದ್ಯರ ಜಗಲಿಯಲ್ಲಿ ಒಮ್ಮೆ ಮಟ್ಟುವಿನ ಒಬ್ಬ ಮುದುಕರು ತಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಅವಳಿಗೂ ನಾಯಿಯೇ ಕಚ್ಚಿದ್ದು. ಕ್ರಯ ಕೇಳಿ, "ನಾಳೆ ಬರುತ್ತೇವೆ" ಎಂದು ಹೋದರು. ನಾನು ಅಲ್ಲಿಗೆ ಹೋಗುತ್ತಿದ್ದಷ್ಟು ದಿನವೂ ಆ ಹುಡುಗಿಗಾಗಿ ನೋಡಿದೆ. ಬರಲಿಲ್ಲ. ಬೇರೆ ಎಲ್ಲಿಯಾದರೂ ಹಾಕಿಸಿರಬಹುದು ಎಂದು ಈಗಲೂ ಅಂದುಕೊಳ್ಳುತ್ತೇನೆ.

ನನ್ನದು ಮುಗಿದು ಮನೆಗೆ ಬಂದಾಗ ಗೊತ್ತಾಯಿತು: ಅತ್ತೆಗೆ ನಡುವೆ ಎರಡು ದಿನ ಸೂಜಿ ಬಿದ್ದಿರಲಿಲ್ಲ. ನನ್ನ ಜೊತೆ ಹಂಚಿಕೊಂಡದ್ದರಿಂದ ಅವರ ಪಾಲು ಬೇಗ ಮುಗಿದಿತ್ತು. ಡಾಕ್ಟರರು ತಂತಿ ಕೊಟ್ಟು, ಜನ ಕಳುಹಿಸಿ, ಎಲ್ಲಿಂದಲೋ ತರಿಸಿ ಉಳಿದದ್ದನ್ನು ಹಾಕುತ್ತಿದ್ದರು.

"ಯಾಕೆ ನನಗೆ ಹೇಳಿ ಕಳುಹಿಸಲಿಲ್ಲ?" ಎಂದು ಕೇಳಿದೆ.

"ಹೇಳಿದ್ದರೆ ನೀನು ಎಂತ ಮಾಡುತ್ತಿದ್ದೆ? ನಿನ್ನ ಸೂಜಿ ಸೆರಗಿನಲ್ಲಿ ಕಟ್ಟಿ ತರುತ್ತಿದ್ದೆಯಾ?"

ಮಳೆ ಹಿಡಿದ ಮೇಲೆ ಕರು ಹುಲ್ಲು ಮೂಸುವುದನ್ನು ಬಿಟ್ಟಿತು. ಗಂಟಲು ಕಟ್ಟಿದ ಹಾಗೆ ವಿಚಿತ್ರವಾಗಿ ಕೂಗತೊಡಗಿತು. ಬಾಯಿಯಿಂದ ಜೊಲ್ಲು ನಿಲ್ಲಲಿಲ್ಲ. ಮೂರನೆಯ ದಿನ ಕಟ್ಟಿದ ಹಗ್ಗದಲ್ಲೇ ಒದ್ದಾಡಿ ಸತ್ತಿತು. ಅಲ್ಲಿಯವರೆಗೆ ನಾಯಿಗೆ ಹುಚ್ಚು ಇರಲಿಕ್ಕಿಲ್ಲ ಎಂಬ ಒಂದು ಆಸೆ ನನ್ನಲ್ಲಿತ್ತು. ಈಗ ಅದು ಹೋಯಿತು. ಅತ್ತೆ ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದರು. ಕರುವನ್ನು ಆಳವಾಗಿ ಹೂಳಿಸಿ, ಹಗ್ಗವನ್ನು ಸುಟ್ಟರು.

ಆ ಮೇಲಿನ ತಿಂಗಳುಗಳನ್ನು ನಾನು ಹೇಗೆ ಕಳೆದೆನೋ! ಅತ್ತೆ ಚೆಂಬು ಎತ್ತಿದರೆ ನನ್ನ ಕಣ್ಣು ಅವರ ಗಂಟಲ ಮೇಲೆ. ಒಂದು ದಿನ ಊಟದ ನಡುವೆ ನೀರು ನೆತ್ತಿಗೆ ಹತ್ತಿ ಕೆಮ್ಮಿದಾಗ ನಾನು ಬಡಿಸುತ್ತಿದ್ದ ಸೌಟು ಕೈಬಿಟ್ಟೆ. ಅವರು ಕೆಮ್ಮುತ್ತಲೇ ಕೈ ಅಲ್ಲಾಡಿಸಿ, "ಮೆಣಸು ಮಾರಾಯ್ತಿ, ಮೆಣಸು," ಎಂದರು. ನಾನು ಅಲ್ಲಿಯೇ ಕೂತು ಅತ್ತುಬಿಟ್ಟೆ. ನಗುವೂ ಬಂತು.

ದೀಪಾವಳಿ ಕಳೆದ ಮೇಲೆ ಮತ್ತೆ ಧರ್ಮಾಸ್ಪತ್ರೆಗೆ ಹೋದೆವು. ಡಾಕ್ಟರರು ಇಬ್ಬರನ್ನೂ ಕೂರಿಸಿ ವಿಚಾರಿಸಿದರು. "ಇನ್ನು ಹೆದರಬೇಡಿ. ಇಷ್ಟು ದಿನ ನನಗೂ ನಿದ್ದೆ ಸರಿ ಇರಲಿಲ್ಲ," ಎಂದರು. ಅತ್ತೆ ಅವರಿಗೆಂದು ತಂದಿದ್ದ ಬಾಳೆಗೊನೆಯನ್ನು ಮೇಜಿನ ಮೇಲೆಯೇ ಇಟ್ಟರು. ಬಸ್ಸಿಗೆ ಕಾಯುವಾಗ, ಅಷ್ಟು ದಿನ ಬಾಯಿಗೆ ಬಂದು ನುಂಗಿದ್ದನ್ನು ಕೇಳಿಯೇಬಿಟ್ಟೆ: ಅವತ್ತು ನನಗೇ ಹಾಕಿ ಅಂತ ಯಾಕೆ ಹೇಳಿದಿರಿ?

"ಮಗನಿಗೆ ಇನ್ನೊಂದು ಮದುವೆ ಮಾಡಿಸುವ ಖರ್ಚು ಯಾರು ಕೊಡುತ್ತಾರೆ?" ಎಂದರು, ರಸ್ತೆಯ ಕಡೆಗೇ ನೋಡುತ್ತಾ.

ಮರುವರ್ಷ ನಮ್ಮ ಗದ್ದೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಹುಚ್ಚುನಾಯಿ ಕಚ್ಚಿತು. ಧರ್ಮಾಸ್ಪತ್ರೆಯಲ್ಲಿ ಆ ವಾರ ಮದ್ದು ಇರಲಿಲ್ಲ. ಆ ಹೆಂಗಸಿಗೆ ಉಡುಪಿಯಲ್ಲಿ ಯಾರೂ ಇಲ್ಲ, ಮಾರಲಿಕ್ಕೆ ದನವೂ ಇಲ್ಲ. ಎಂದೂ ಊರು ಬಿಟ್ಟು ಒಂದು ರಾತ್ರಿ ಹೊರಗೆ ಕಳೆಯದ ಅತ್ತೆ ಒಂದು ಸೀರೆಯನ್ನು ಚೀಲಕ್ಕೆ ತುರುಕಿ, ನಾವು ಗೊಬ್ಬರಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಸೊಂಟಕ್ಕೆ ಸಿಕ್ಕಿಸಿ, ಅವಳನ್ನು ಮಣಿಪಾಲದ ಬಸ್ಸಿಗೆ ಹತ್ತಿಸಿದರು. ಸೂಜಿ ಮುಗಿಯುವವರೆಗೆ ಇಬ್ಬರೂ ಅಡುಗೆ ಮಾಡುತ್ತಿದ್ದ ಆ ಸೋದರತ್ತೆಯ ಕೋಣೆಯಲ್ಲೇ ಇದ್ದರು. ಆ ಸಲದ ಬೇಸಾಯಕ್ಕೆ ನಾವು ಗೊಬ್ಬರದ ಬದಲು ಸೊಪ್ಪನ್ನೇ ಹಾಕಿದೆವು. ಬೆಳೆ ಅಷ್ಟಕ್ಕಷ್ಟೆ ಬಂತು.